‘ದಫ್ತರ’: ಕಡತವೋ, ಕಚೇರಿಯೋ, ಶಾಲೆಯ ಚೀಲವೋ?

ಪ್ರಶ್ನೆ:
ನಮ್ಮ ಹಳೆಯ ಕಂದಾಯ ಕಚೇರಿಗಳ ಮಾತಿನಲ್ಲಿ ‘ದಫ್ತರ’ ಎಂದರೆ ಕಡತಗಳ ಕಟ್ಟು. ಹಿಂದಿಯಲ್ಲಿ ಅದು ಕಚೇರಿ. ಮರಾಠಿ ಮಕ್ಕಳು ಹೆಗಲಿಗೇರಿಸುವ ಶಾಲೆಯ ಚೀಲವೂ ‘ದಪ್ತರ’ವೇ. ಇವು ಮೂರೂ ಒಂದೇ ಪದವಾಗಿದ್ದರೆ ಮೂಲದ ಅರ್ಥ ಯಾವುದು?

ಉತ್ತರ 1:
ಒಂದೇ ಪದ. ನಮಗೆ ಬಂದದ್ದು ಫಾರ್ಸಿಯ ಮೂಲಕ. ಬೇರು ಮಾತ್ರ ಗ್ರೀಕಿನ ‘ಡಿಫ್ತೆರಾ’, ಅಂದರೆ ಹದಮಾಡಿದ ತೊಗಲು. ಜೊಂಡಿನಿಂದ ಮಾಡುತ್ತಿದ್ದ ಪಪೈರಸ್ ಹಾಳೆ ದುರ್ಲಭವಾಗಿದ್ದ ಕಾಲದಲ್ಲಿ ಆಡು ಕುರಿಗಳ ತೊಗಲಿನ ಮೇಲೆ ಬರೆದು ರೂಢಿಯಾಗಿದ್ದರಿಂದ, ಅಯೋನಿಯದ ಗ್ರೀಕರು ಪಪೈರಸ್ ಹಾಳೆಗಳನ್ನೂ ‘ತೊಗಲು’ ಎಂದೇ ಕರೆಯುತ್ತಿದ್ದರೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಅರಬ್ಬಿಯ ‘ದಫ್ತರ್’, ಸ್ವಾಹಿಲಿಯ ‘ದಫ್ತಾರಿ’ ಎರಡಕ್ಕೂ ಈಗ ನೋಟುಪುಸ್ತಕವೆಂಬ ಅರ್ಥ. ಇಂಡೊನೇಷ್ಯಾದಲ್ಲಿ ‘ದಫ್ತಾರ್’ ಎಂದರೆ ಪಟ್ಟಿ; ಅದರಿಂದ ‘ಮೆಂದಫ್ತಾರ್’, ಅಂದರೆ ‘ಹೆಸರು ನೋಂದಾಯಿಸು’ ಎಂಬ ಕ್ರಿಯಾಪದವೂ ಹುಟ್ಟಿದೆ. ಒಟ್ಟೋಮನ್ ತುರ್ಕರಲ್ಲಿ ‘ದೆಫ್ತೆರ್’ ಲೆಕ್ಕದ ದಾಖಲೆಪುಸ್ತಕವಾಗಿದ್ದು, ಹಣಕಾಸಿನ ಮುಖ್ಯಾಧಿಕಾರಿಗೆ ‘ದೆಫ್ತೆರ್‌ದಾರ್’ ಎಂಬ ಹೆಸರಿತ್ತು. ತಮಾಷೆಯೆಂದರೆ, ಪದ ತುರ್ಕಿಯಿಂದ ‘ತೆಫ್ತೇರಿ’ಯಾಗಿ ಗ್ರೀಕಿಗೇ ಮರಳಿತು, ಅಲ್ಲಿನವರಿಗೆ ಈಗ ಅದು ಅಂಗಡಿಯ ಲೆಕ್ಕದ ಪುಸ್ತಕ.

ಉತ್ತರ 2:
ಮರಾಠಿಯ ಚೀಲದ ಬಗ್ಗೆ ನನ್ನದೊಂದು ಊಹೆ. ಪುಣೆಯ ‘ಪೇಶ್ವೆ ದಫ್ತರ’ದ, ಅಂದರೆ ಪೇಶ್ವೆಗಳ ಆಡಳಿತದ ದಾಖಲೆ ಸಂಗ್ರಹದ, ಕಾಗದಪತ್ರಗಳನ್ನು ‘ರುಮಾಲು’ ಎಂಬ ಬಟ್ಟೆಗಂಟುಗಳಲ್ಲಿ ಕಟ್ಟಿಡುತ್ತಿದ್ದರು. ಕಾಗದ ತುಂಬಿದ ಗಂಟಿನಿಂದ ಪುಸ್ತಕ ತುಂಬಿದ ಚೀಲಕ್ಕೆ ಅರ್ಥ ದಾಟುವುದು ಕಷ್ಟವೇನಲ್ಲ. ಬಂಗಾಳಿಯ ‘ದೊಪ್ತೊರ್’ ಮಾತ್ರ ಹಿಂದಿಯ ಹಾದಿಯನ್ನೇ ಹಿಡಿದು ಕಚೇರಿ, ಇಲಾಖೆ ಎಂಬ ಅರ್ಥಕ್ಕೆ ನಿಂತಿದೆ.

ಪ್ರಶ್ನೆ ಕೇಳಿದವರು:
ಗಂಟು ಚೀಲವಾದದ್ದನ್ನು ಒಪ್ಪಬಹುದು. ತೊಗಲು ಕಚೇರಿಯಾದದ್ದು ನನಗಿನ್ನೂ ಸಹಜವೆನಿಸುತ್ತಿಲ್ಲ.

ಉತ್ತರ 3:
ನಮ್ಮ ‘ಕಡತ’ವನ್ನೇ ಗಮನಿಸಿ. ಹುಣಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಬಟ್ಟೆಗೆ ಆ ಹೆಸರಿತ್ತು. ಶೃಂಗೇರಿ ಮಠದಲ್ಲಿ ಅಂಥ ಕಡತಗಳಿವೆ. ಇಂದು ಕಾಗದದ ಫೈಲಿಗೂ ಅದೇ ಹೆಸರು, ಗಣಕಯಂತ್ರದಲ್ಲಿರುವ ಫೈಲಿಗೂ ಅದೇ. ತೊಗಲು ಪುಸ್ತಕವಾದದ್ದೂ ಹೀಗೆಯೇ. ಇನ್ನು ಕಚೇರಿಯ ವಿಷಯ: ದಾಖಲೆ ಇಡುವ ಸ್ಥಳಕ್ಕೆ ಫಾರ್ಸಿಯಲ್ಲಿ ‘ದಫ್ತರ್‌ಖಾನಾ’ ಎಂಬ ಪದವಿತ್ತು, ಆಡುಮಾತಿನಲ್ಲಿ ‘ಖಾನಾ’ ಬಿಟ್ಟುಹೋಗಿ ಬರೀ ‘ದಫ್ತರ್’ ಉಳಿದಿರಬಹುದು.

ತೊಗಲಿನ ಅರ್ಥ ಪೂರ್ತಿ ಅಳಿದಿಲ್ಲವೆಂಬುದನ್ನೂ ಸೇರಿಸಬೇಕು. ಗಂಟಲಮಾರಿ ರೋಗದಲ್ಲಿ ಗಂಟಲೊಳಗೆ ತೊಗಲಿನಂಥ ಪೊರೆ ಕಟ್ಟುವುದನ್ನು ಕಂಡ ಫ್ರೆಂಚ್ ವೈದ್ಯ ಪಿಯೆರ್ ಬ್ರೆತೊನ್ನೊ 1826ರಲ್ಲಿ ಇದೇ ಗ್ರೀಕ್ ಪದದಿಂದ ರೋಗಕ್ಕೆ ಹೆಸರಿಟ್ಟನು. ‘ಡಿಫ್ತೀರಿಯಾ’ ಬಂದದ್ದು ಅಲ್ಲಿಂದ.