ತುರ್ತು: ‘ಪ್ರತಿ ಉದಾಹರಣೆ’ಗೆ ಬೇರೆ ಪದ ಬೇಕು, ಗುರುವಾರ ಪೇಂಟರ್ ಬರ್ತಾರೆ

ಎಲ್ರಿಗೂ ನಮಸ್ಕಾರ. ಮಂಡ್ಯ ಹತ್ರ ಒಂದು ಹೈಸ್ಕೂಲಲ್ಲಿ ಗಣಿತ ಹೇಳ್ಕೊಡ್ತೀನಿ. ಗಣಿತದ ಕೋಣೆ ಗೋಡೆಗೆ ಮೂರು ಪದ ದೊಡ್ಡದಾಗಿ ಬರೆಸ್ತಿದ್ದೀವಿ, ಪೇಂಟರ್ ಗುರುವಾರ ಬಿಟ್ರೆ ಇನ್ನು ಹಬ್ಬ ಕಳೆದ್ಮೇಲೇ ಸಿಗೋದು, ಅದಕ್ಕೆ ಈ ಅವಸರ. ಇಂಡಕ್ಟಿವ್ ರೀಸನಿಂಗ್ (ಕೆಲವು ಉದಾಹರಣೆ ನೋಡಿ ಎಲ್ಲದಕ್ಕೂ ಹೀಗೇ ಅನ್ನೋದು), ಕಂಜೆಕ್ಚರ್ (ಹಾಗೆ ಅಂದ್ಕೊಂಡ, ಇನ್ನೂ ಸಾಧಿಸದ ಮಾತು), ಕೌಂಟರ್ ಎಕ್ಸಾಂಪಲ್ (ಆ ಮಾತು ತಪ್ಪು ಅಂತ ತೋರಿಸೋ ಉದಾಹರಣೆ). ಮೊದಲೆರಡಕ್ಕೆ ‘ಅನುಗಮನ’, ‘ಊಹೆ’ ಅಂತ ಇಟ್ಕೊಂಡಿದ್ದೆ, ಮೂರನೇದಕ್ಕೆ ‘ಪ್ರತಿ ಉದಾಹರಣೆ’, ಪ್ರತಿ ಅಂದ್ರೆ ಎದುರಾದದ್ದು ಅನ್ನೋ ಅರ್ಥದಲ್ಲಿ. ಹೇಗೆ ಕಾಣುತ್ತೆ ನೋಡೋಣ ಅಂತ ಹಾಳೆ ಮೇಲೆ ಬರೆದು ಅಂಟಿಸಿದೆ: ‘ಊಹೆ ತಪ್ಪೆಂದು ತೋರಿಸಲು ಪ್ರತಿ ಉದಾಹರಣೆ ಬೇಕು’.

ಒಂಬತ್ತನೇ ಕ್ಲಾಸಿನ ಹುಡುಗಿ ಓದಿ ಕೇಳಿದ್ಲು, ‘ಮಿಸ್, ಎಲ್ಲಾ ಉದಾಹರಣೆನೂ ಬೇಕಾ? ಒಂದು ಸಾಕು ಅಂದಿದ್ರಲ್ಲ?’

ಅವಳು ಓದಿದ್ದೇ ಸರಿ. ಪ್ರತಿ ದಿನ, ಪ್ರತಿ ಮನೆ, ಪ್ರತಿ ಕೆ.ಜಿ.ಗೆ ಇಷ್ಟು ಅಂತ ದಿನಾ ಓದೋ ಮಗು ‘ಪ್ರತಿ ಉದಾಹರಣೆ’ನ ಇನ್ನು ಹೇಗೆ ಓದ್ಬೇಕು? ಗಣಿತ ಹೇಳೋದು ಒಂದೇ ಒಂದು ಸಾಕು ಅಂತ, ಗೋಡೆ ಹೇಳ್ತಿರೋದು ಒಂದೊಂದೂ ಬೇಕು ಅಂತ. ಪೂರ್ತಿ ಉಲ್ಟಾ.

ಅದರ ಹಿಂದಿನ ದಿನವೇ ಕ್ಲಾಸಲ್ಲಿ ಇದನ್ನೇ ಮಾಡಿದ್ವಿ. ಕರ್ಣಗಳು ಸಮ ಇರೋ ಚತುರ್ಭುಜ ಎಲ್ಲಾ ಆಯತಾನೇ ಅಂತ ಮಕ್ಕಳ ಊಹೆ, ಯಾಕಂದ್ರೆ ಉದ್ದ ಆಯತ, ಗಿಡ್ಡ ಆಯತ, ಚೌಕ ಎಲ್ಲಾ ಬರೆದು ಅಳೆದು ನೋಡಿದ್ರು, ಎಲ್ಲದರಲ್ಲೂ ಹೊಂದಿತ್ತು. ಆಮೇಲೆ ಹಿಂದಿನ ಬೆಂಚಿನ ಹುಡುಗ ಒಬ್ಬ ಸಮದ್ವಿಬಾಹು ತ್ರಾಪಿಜ್ಯ (ಮೇಲಿನ ಕೆಳಗಿನ ಬಾಹು ಸಮಾಂತರ, ಓರೆ ಬಾಹು ಎರಡೂ ಸಮ) ಬರೆದು ಕರ್ಣ ಎರಡೂ ಸಮ ಬಂತು ಅಂತ ತಂದು ತೋರಿಸ್ದ. ಅಷ್ಟೇ, ಅಷ್ಟೂ ಚಿತ್ರದ ಸಾಕ್ಷಿ ಆ ಒಂದು ಚಿತ್ರಕ್ಕೆ ಬಿದ್ದೋಯ್ತು. ಆ ಒಂದು ಚಿತ್ರಕ್ಕೆ ಹೆಸರು ಬೇಕು ನಂಗೆ. ದಯವಿಟ್ಟು ಬುಧವಾರದೊಳಗೆ ಹೇಳಿ.

—

ಪ್ರತ್ಯುದಾಹರಣೆ. ಸಂಧಿ ಮಾಡಿ ಬರೀರಿ, ಬಿಡಿಸಿ ಬರೆದಿದ್ದೇ ತಪ್ಪು. ಇದಕ್ಕೊಂದು ಚರ್ಚೆ ಬೇಕಿರಲಿಲ್ಲ.

—

ಎದುರೆತ್ತುಗೆ. ಎತ್ತುಗೆ ಅಂದ್ರೆ ಎತ್ತಿ ತೋರಿಸಿದ್ದು, ಅದಕ್ಕೆ ಎದುರಾಗಿ ನಿಂತಿದ್ದು ಎದುರೆತ್ತುಗೆ. ಸಂಸ್ಕ್ರುತದ ಸಂದಿ ಗೊತ್ತಿದ್ರೆ ಮಾತ್ರ ಅರ್ತ ಆಗೋ ಪದಾನ ಹಳ್ಳಿ ಮಕ್ಕಳ ಗೋಡೆ ಮೇಲೆ ಯಾಕೆ ಬರೀಬೇಕು? ಸಂದಿ ಮಾಡಿದ್ರೂ ತೊಂದರೆ ಹೋಗಲ್ಲ, ‘ಪ್ರತ್ಯೇಕ’ದಲ್ಲಿ ಇರೋದೂ ಅದೇ ಪ್ರತಿ. ಅದನ್ನೂ ಒಂದೊಂದೇ ಅಂತಲೇ ಓದ್ತಾರೆ.

—

ಮೇಡಂ, ಮೈಸೂರಿನಿಂದ ಬರೀತಿದ್ದೀನಿ, ನಿವೃತ್ತ ಸಂಸ್ಕೃತ ಮೇಷ್ಟ್ರು. ಮೊದಲು ಒಂದು ಮಾತು, ‘ಎದುರೆತ್ತುಗೆ’ ಯಾವ ಹಳ್ಳಿಯ ಮಗುವಿಗೂ ಗೊತ್ತಿಲ್ಲ. ಉದಾಹರಣೆ ಅನ್ನೋದು ಎಲ್ಲರ ಬಾಯಲ್ಲಿದೆ, ಅದನ್ನ ಕಿತ್ತು ಎತ್ತುಗೆ ತಂದ್ರೆ ಅದೂ ಕಲಿಸಬೇಕಾದ ಪದವೇ ಆಯ್ತಲ್ಲ.

ಪ್ರತ್ಯುದಾಹರಣೆ ಯಾರೋ ಸಮಿತಿಯವರು ಕೂತು ಹೊಸೆದ ಪದ ಅಲ್ಲ. ವ್ಯಾಕರಣಶಾಸ್ತ್ರದ ಹಳೇ ಪದ. ಪಾಣಿನಿಯ ವ್ಯಾಕರಣ ಸೂತ್ರಗಳಿಗೆ ವ್ಯಾಖ್ಯಾನವಾದ ಕಾಶಿಕಾ ತೆಗೆದು ನೋಡಿ, ಸೂತ್ರಕ್ಕೆ ಉದಾಹರಣೆ ಕೊಟ್ಟ ಮೇಲೆ, ಈ ಮಾತು ಸೂತ್ರದಲ್ಲಿ ಯಾಕಿದೆ ಅಂತ ಪ್ರಶ್ನೆ ಎತ್ತಿ, ಅದಿಲ್ಲದಿದ್ರೆ ಎಲ್ಲಿ ಎಡವಟ್ಟಾಗುತ್ತೆ ಅಂತ ತೋರಿಸೋ ಪ್ರಯೋಗ ಕೊಡ್ತಾರೆ, ಅದೇ ಪ್ರತ್ಯುದಾಹರಣೆ. ನಿಮ್ಮ ರೇಖಾಗಣಿತದಲ್ಲಿ ಇದೇ ಕೆಲಸ ಇದೆ. ಎರಡು ತ್ರಿಭುಜ ಸರ್ವಸಮ, ಅಂದ್ರೆ ಒಂದರ ಮೇಲೊಂದು ಸರಿಯಾಗಿ ಕೂರುತ್ತೆ, ಅನ್ನೋಕಿರೋ ಬಾಕೋಬಾ (ಬಾಹು-ಕೋನ-ಬಾಹು) ನಿಯಮದಲ್ಲಿ ಎರಡು ಬಾಹು ಮತ್ತು ‘ಅವುಗಳ ನಡುವಿನ’ ಕೋನ ಅಂತಾರಲ್ಲ, ಆ ‘ನಡುವಿನ’ ಯಾಕೆ? ತೆಗೆದುಹಾಕಿ. ಒಂದು ಕೋನ 30 ಡಿಗ್ರಿ, ಅದಕ್ಕೆ ಅಂಟಿದ ಬಾಹು 8 ಸೆಂ.ಮೀ., ಕೋನದ ಎದುರಿನ ಬಾಹು 5 ಸೆಂ.ಮೀ. ಕೈವಾರ ಇಟ್ಟು ಕಂಸ ಎಳೀರಿ, ಕೆಳಗಿನ ಗೆರೇನ ಎರಡು ಕಡೆ ಕಡಿಯುತ್ತೆ. ಎರಡು ತ್ರಿಭುಜ ಬಂತು, ಮೂರನೇ ಬಾಹು ಒಂದರಲ್ಲಿ ಸುಮಾರು 9.9, ಇನ್ನೊಂದರಲ್ಲಿ ಸುಮಾರು 3.9. ಸರ್ವಸಮ ಅಲ್ಲ. ಒಂದು ವಿಶೇಷಣ ಯಾಕಿದೆ ಅಂತ ಕೇಳಿ ಚಿತ್ರದಲ್ಲಿ ಉತ್ತರ ಕೊಟ್ರೆ ಅದು ಶುದ್ಧ ಪ್ರತ್ಯುದಾಹರಣೆ. ಇಷ್ಟು ಸರಿಯಾಗಿ ಕೂರೋ ಪದ ಇರುವಾಗ ಬೇರೆ ಹುಡುಕೋದು ನಂಗೆ ಸಂಕಟ ಆಗುತ್ತೆ. ಸಂಧಿ ಕಷ್ಟ ಅನ್ನೋದೂ ಒಪ್ಪಲ್ಲ, ಯಣ್ ಸಂಧಿ ಪಾಠದಲ್ಲಿ ಮಕ್ಕಳು ‘ಪ್ರತ್ಯುತ್ತರ’ ಬಿಡಿಸಿರ್ತಾರೆ.

ನ್ಯಾಯಶಾಸ್ತ್ರದಲ್ಲಿ, ಅಂದ್ರೆ ನಮ್ಮ ಹಳೇ ತರ್ಕಶಾಸ್ತ್ರದಲ್ಲಿ, ಹೇತು (ಕೊಟ್ಟ ಕಾರಣ) ಇದ್ದೂ ‘ಸಾಧ್ಯ’ (ಅದರಿಂದ ಸಾಧಿಸಬೇಕಾದದ್ದು) ಇಲ್ಲದಿರೋದನ್ನ ‘ವ್ಯಭಿಚಾರ’ ಅಂತಾರೆ, ಅರ್ಥಕ್ಕೆ ಅದಿನ್ನೂ ಹತ್ತಿರ. ಆದ್ರೆ ಕನ್ನಡದಲ್ಲಿ ಅದು ಬೇರೇನೇ ಆಗೋಗಿದೆ, ಶಾಲೆ ಗೋಡೆ ಮೇಲೆ ಬರೆಯೋ ಹಾಗಿಲ್ಲ. ‘ಅನುಮಾನ’ ಕೂಡ ಹಾಗೇ, ಶಾಸ್ತ್ರದಲ್ಲಿ ತರ್ಕಿಸಿ ತಿಳಿಯೋದು, ನಮ್ಮಲ್ಲಿ ಸಂಶಯ. ಕಂಜೆಕ್ಚರಿಗೆ ಅದನ್ನ ಮಾತ್ರ ಬಳಸಬೇಡಿ, ‘ಊಹೆ’ ಚೆನ್ನಾಗಿದೆ.

—

ಶಾಸ್ತ್ರದ ಮಾತು ಸಾಕು ಸಾರ್. ಅವರು ಕೇಳಿದ್ದು ಮಗು ಓದಿ ತಿಳಿಯೋ ಪದ. ಎಲ್ಲಾ ಶಾಸ್ತ್ರದಿಂದಲೇ ಬರಬೇಕು ಅನ್ನೋದಾದ್ರೆ ‘ಕೇಂದ್ರ’ ಎಲ್ಲಿಂದ ಬಂತು? ಗ್ರೀಕಿನ ಕೆಂಟ್ರಾನ್, ಅದನ್ನ ಸಂಸ್ಕ್ರುತದವರೇ ಸಾಲ ತಗೊಂಡ್ರು. ‘ತ್ರಾಪಿಜ್ಯ’ ಅಂತೂ ಟ್ರೆಪೀಜಿಯಮ್ಮಿಗೆ ಪಂಚೆ ಉಡಿಸಿದ್ದು. ಸಾಲ ಮಾಡೋರು ಸಾಲ ಅಂತ ಒಪ್ಪಿಕೊಳ್ಳಿ. ಕನ್ನಡದ್ದೇ ಆದ ‘ಮೂಲೆಮಟ್ಟ’ ಗಾರೆ ಕೆಲಸದವರಿಂದ ಜಾಮೆಟ್ರಿ ಬಾಕ್ಸ್ ತನಕ ಯಾರ ಅಪ್ಪಣೆನೂ ಇಲ್ದೆ ಬದುಕಿದೆ, ನೋಡಿ.

—

ಸಾಲ ಅಂತ ಒಪ್ಪಿದ್ದೇವೆ, ಅದಕ್ಕೆ ನಾಚಿಕೆಯೂ ಇಲ್ಲ. 12ನೇ ಶತಮಾನದಲ್ಲಿ ಕನ್ನಡದಲ್ಲಿ ಗಣಿತ ಬರೆದ ರಾಜಾದಿತ್ಯ ತನ್ನ ಪುಸ್ತಕಕ್ಕೆ ‘ಕ್ಷೇತ್ರಗಣಿತ’ ಅಂತಲೇ ಹೆಸರಿಟ್ಟ. ಅವನು ಕನ್ನಡದವನಲ್ಲವಾ? ಈ ವಿಷಯದಲ್ಲಿ ಇನ್ನು ನಾನು ಬರೆಯೋಲ್ಲ.

—

ಮತ್ತೆ ನಾನೇ, ಮಂಡ್ಯದಿಂದ. ಇಬ್ರಿಗೂ ಕೈಮುಗಿದು ಕೇಳ್ಕೋತೀನಿ, ಜಗಳ ನನ್ನ ಗೋಡೆ ಮೇಲೆ ಬೇಡ. ಇವತ್ತು ಕ್ಲಾಸಲ್ಲಿ ಕೌಂಟರ್ ಎಕ್ಸಾಂಪಲ್ಲಿಗೆ ಮೂರು ಪದ ಬರೆದು, ಏನೂ ವಿವರಿಸದೆ, ಏನು ಅರ್ಥ ಆಯ್ತು ಅಂತ ಕೇಳಿದೆ.

‘ಎದುರೆತ್ತುಗೆ’ ಓದಿದ ತಕ್ಷಣ ಎತ್ತಿನ ಬಗ್ಗೆ ಅಂದ್ಕೊಂಡ್ರು, ಉಳುಮೆ ಮನೆ ಮಕ್ಕಳು, ಎತ್ತು ಅಂದ್ರೆ ಎತ್ತೇ. ‘ಪ್ರತ್ಯುದಾಹರಣೆ’ ಓದಕ್ಕೆ ತುಂಬಾ ಜನ ತಡವರಿಸಿದ್ರು, ಆದ್ರೆ ಮೇಷ್ಟ್ರು ಹೇಳಿದ ಹಾಗೆ ಪ್ರತ್ಯುತ್ತರ ನೆನಪಿಸಿದ್ಮೇಲೆ ಹಿಡ್ಕೊಂಡ್ರು, ಯಾರೂ ಒಂದೊಂದೇ ಅಂತ ಓದ್ಲಿಲ್ಲ. ಮೂರನೇದು ನಾನೇ ಸೇರಿಸಿದ್ದು, ‘ಎದುರು ಉದಾಹರಣೆ’. ಒಬ್ಬ ಹುಡುಗ ‘ಎದುರುಗಡೆ ಪುಟದಲ್ಲಿ ಬರೀಬೇಕಾ ಮಿಸ್’ ಅಂದ. ಅದೂ ತಪ್ಪು ತಿಳುವಳಿಕೆನೇ, ಆದ್ರೆ ಗಣಿತಾನ ತಲೆಕೆಳಗು ಮಾಡೋ ತಪ್ಪಲ್ಲ, ಒಂದು ಮಾತಲ್ಲಿ ಸರಿಹೋಯ್ತು. ಉಳಿದವರು ಎದುರು ಮಾತಾಡೋ ಉದಾಹರಣೆ ಅಂದ್ರು. ಅಷ್ಟು ಸಾಕು ನಂಗೆ. ದೊಡ್ಡಕ್ಷರದಲ್ಲಿ ‘ಎದುರು ಉದಾಹರಣೆ – ಒಂದೇ ಸಾಕು’, ಕೆಳಗೆ ಚಿಕ್ಕದಾಗಿ, ಒಂದೇ ಪದವಾಗಿ, ‘ಪ್ರತ್ಯುದಾಹರಣೆ’. ಮುಂದಿನ ಓದಿಗೆ ಅದೂ ಬೇಕಾಗುತ್ತೆ.

‘ಅನುಗಮನ’ನೂ ಬದಲಾಯಿಸ್ತಿದ್ದೀನಿ. ಮುಂದೆ ದೊಡ್ಡ ಗಣಿತ ಓದುವಾಗ ‘ಗಣಿತೀಯ ಅನುಗಮನ’ ಬರುತ್ತೆ, ಅದು ಪಕ್ಕಾ ಸಾಧನೆ (ಪ್ರೂಫ್), ಊಹೆ ಅಲ್ಲ. ಎರಡಕ್ಕೂ ಒಂದೇ ಹೆಸರಿಟ್ಟು ಮಕ್ಕಳನ್ನ ಈಗಲೇ ಗೊಂದಲಕ್ಕೆ ಯಾಕೆ ಹಾಕೋದು. ಅನ್ನ ಬೆಂದಿದ್ಯಾ ನೋಡಕ್ಕೆ ಒಂದು ಅಗುಳು ಹಿಸುಕ್ತೀವಲ್ಲ, ಅದನ್ನೇ ಬರೆಸೋಣ ಅಂತಲೂ ಇತ್ತು, ಆದ್ರೆ ಅಗುಳೆಲ್ಲಾ ಒಂದೇ ಪಾತ್ರೇಲಿ ಒಂದೇ ಉರೀಲಿ ಬೆಂದಿರುತ್ತೆ, ಚಿತ್ರಗಳು ಹಾಗಲ್ಲ. ಅದಕ್ಕೆ ‘ಬಿಡಿಯಿಂದ ಇಡಿಗೆ’ ಅಂತ ಬರೆಸ್ತೀನಿ, ಪಕ್ಕದಲ್ಲಿ ವೃತ್ತದ ಚಿತ್ರ. ವೃತ್ತದ ಮೇಲೆ ಬಿಂದು ಇಟ್ಟು ಎಲ್ಲಾ ಬಿಂದುಗಳನ್ನೂ ಒಂದಕ್ಕೊಂದು ಸೇರಿಸಿದ್ರೆ ಒಳಗೆ ಎಷ್ಟು ಭಾಗ? ಒಂದು ಬಿಂದುವಿನಿಂದ ಐದರ ತನಕ 1, 2, 4, 8, 16. ಆರಕ್ಕೆ 32 ಅಂತ ಇಡೀ ಕ್ಲಾಸ್ ಕೂಗುತ್ತೆ, ಬರೋದು 31. ಪೇಂಟರಿಗೆ ಒಂದು ಎಚ್ಚರಿಕೆ ಮಾತ್ರ ಹೇಳ್ಬೇಕು, ಆರು ಬಿಂದೂನ ಸಮಸಮ ದೂರದಲ್ಲಿ ಇಟ್ರೆ ನಡುವೆ ಮೂರು ಗೆರೆ ಒಂದೇ ಕಡೆ ಸೇರಿ 30 ಆಗ್ಬಿಡುತ್ತೆ, ಸ್ವಲ್ಪ ಆಚೀಚೆ ಇಡ್ಬೇಕು.

ಇನ್ನೊಂದೇ ಪ್ರಶ್ನೆ ಉಳಿದಿದೆ: ‘ಎದುರುದಾಹರಣೆ’ ಅಂತ ಲೋಪಸಂಧಿ ಮಾಡ್ಲಾ, ಬಿಡಿಸೇ ಬರೀಲಾ? ನನ್ನ ಕಣ್ಣಿಗೆ ಬಿಡಿಸಿದ್ದೇ ಚೆಂದ. ಬೇರೆ ಅಭಿಪ್ರಾಯ ಇದ್ರೆ ನಾಳೆ ರಾತ್ರಿ ಒಳಗೆ ಬರೀರಿ.