ವಿಷ್ಣುಕ್ರಾಂತಿ ಹೂವಿನ ಫೋಟೋ ಒಂದೂ ಶಾರ್ಪ್ ಬರುತ್ತಿಲ್ಲ, ತಲೆ ಕೆಟ್ಟಿದೆ

ದುರ್ಗದ ಹೈದ
ಮೂರು ಭಾನುವಾರ ಬೆಳಗ್ಗೆ ಎದ್ದು ಜೋಗಿಮಟ್ಟಿಗೆ ಹೋಗಿ ಬಂದೆ. ಪೆಟ್ರೋಲ್ ಖರ್ಚು, ಮೊಣಕಾಲಿಗೆ ಮುಳ್ಳು, ಮನೆಯಲ್ಲಿ ಬೈಗುಳ. ನಾನೂರು ಫೋಟೋದಲ್ಲಿ ಒಂದೂ ನೆಟ್ಟಗಿಲ್ಲ. ಬೀಪ್ ಅನ್ನುತ್ತದೆ, ಕ್ಲಿಕ್ ಮಾಡುತ್ತೇನೆ, ಮನೆಗೆ ಬಂದು ದೊಡ್ಡ ಪರದೆಯಲ್ಲಿ ನೋಡಿದರೆ ಎಲ್ಲಾ ಮಂಜು ಮಂಜು. ಮನೆ ಹಿತ್ತಲಿನ ದಾಸವಾಳ ಮಾತ್ರ ಚೆನ್ನಾಗಿಯೇ ಬರುತ್ತದೆ. ಡಿಎಸ್‌ಎಲ್‌ಆರ್, 18-55 ಕಿಟ್ ಲೆನ್ಸ್. ಮಾಮೂಲಿ ಸೆಟ್ಟಿಂಗ್ಸ್. ಎರಡು ಫೋಟೋ ಹಾಕಿದ್ದೇನೆ, ನೋಡಿ ಹೇಳಿ.

ಗಾಳಿಪಟ
ಗಾಳಿ ಗುರು, ಬೇರೇನೂ ಅಲ್ಲ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ? ಹಿತ್ತಲಲ್ಲಿ ಕಾಂಪೌಂಡ್ ಇದೆ, ಅದಕ್ಕೇ ದಾಸವಾಳ ಅಲ್ಲಾಡಲ್ಲ. ಶಟರ್ 1/1000ಕ್ಕೆ ಏರಿಸಿ, ಐಎಸ್‌ಓ (ಬೆಳಕು ಹಿಡಿಯುವ ಸೂಕ್ಷ್ಮತೆ) ಎಷ್ಟಾದರೂ ಆಗಲಿ.

ದುರ್ಗದ ಹೈದ
1/1000 ಹಾಕಿದೆ ಸರ್. ಹಾಗೇ ಇದೆ, ಜೊತೆಗೆ ಈಗ ಕಾಳು ಕಾಳು ಬೇರೆ.

ಗಾಳಿಪಟ
ಹಾಗಾದರೆ 1/2000. ಇಲ್ಲವೇ ಛತ್ರಿ ಅಡ್ಡ ಹಿಡಿಯಿರಿ. ಬಟ್ಟೆ ಕ್ಲಿಪ್ಪನ್ನು ಒಂದು ಕಡ್ಡಿಗೆ ಕಟ್ಟಿ ನೆಲಕ್ಕೆ ಚುಚ್ಚಿ, ಗಿಡದ ಕಾಂಡವನ್ನು ಮೆತ್ತಗೆ ಅದರಲ್ಲಿ ಸಿಕ್ಕಿಸಿ. ನಾನು ಆಷಾಢದ ಗಾಳಿಯಲ್ಲೇ ಹೀಗೆ ಮಾಡಿ ತೆಗೆದಿದ್ದೇನೆ.

ತುಂಬೆ ಹೂ
ಮೊದಲು ಹೆಸರು ಸರಿ ಮಾಡಿಕೊಳ್ಳಿ. ನಮ್ಮ ಕಡೆ ಇದಕ್ಕೆ ಶಂಖಪುಷ್ಪಿ ಅನ್ನುತ್ತಾರೆ.

ಕೊಂಡಜ್ಜಿ ಕ್ಲಿಕ್ಸ್
ಅಲ್ಲ ಮೇಡಂ. ಶಂಖಪುಷ್ಪ ಬೇಲಿ ಮೇಲೆ ಹಬ್ಬುವ ಬಳ್ಳಿ, ಹೂ ದೊಡ್ಡದು, ಈಗ ನೀಲಿ ಟೀ ಅಂತ ಕುಡಿಯುತ್ತಾರಲ್ಲ, ಅದು. ಇದು ನೆಲಕ್ಕೆ ಅಂಟಿಕೊಂಡು ಬೆಳೆಯುವ ವಿಷ್ಣುಕ್ರಾಂತಿ.

ತುಂಬೆ ಹೂ
ಆಯುರ್ವೇದದವರು ಈ ಎರಡನ್ನೂ ಆ ಹೆಸರಿನಲ್ಲಿ ಕರೆಯುತ್ತಾರೆ ಸರ್, ಒಂದೊಂದು ಸೀಮೆಯಲ್ಲಿ ಒಂದೊಂದು ಗಿಡ. ನಮ್ಮಜ್ಜಿ ಕರೆದಿದ್ದನ್ನು ನಾನು ಹೇಳಿದೆ. ನಮ್ಮಜ್ಜಿಗೆ ನೀಲಿ ಟೀ ಗೊತ್ತಿರಲಿಲ್ಲ.

ಮ್ಯಾಕ್ರೋ ಮಾವ
ಕಿಟ್ ಲೆನ್ಸಿನಲ್ಲಿ ಇದೆಲ್ಲ ಆಗಲ್ಲ ತಮ್ಮಾ. ನನ್ನ ಹತ್ತಿರ 100 ಮಿಮೀ ಮ್ಯಾಕ್ರೋ, ಎರಡು ಫ್ಲಾಶ್, ಅದರ ಮೇಲೆ ನಾನೇ ಬಟರ್ ಪೇಪರ್‌ನಲ್ಲಿ ಮಾಡಿದ ಡಿಫ್ಯೂಸರ್, ಕಾರ್ಬನ್ ಟ್ರೈಪಾಡ್. ಹೋದ ತಿಂಗಳು ಗೌರಿ ಹೂ ತೆಗೆದೆ, ಎಸಳಿನ ಅಂಚಿನ ಮಡಿಕೆ ಒಂದೊಂದೂ ಎಣಿಸಬಹುದು. ಹಾಕುತ್ತೇನೆ ನೋಡಿ.

ಕೊಂಡಜ್ಜಿ ಕ್ಲಿಕ್ಸ್
ಮಾವ, ಆ ಫೋಟೋ ನೀವು ಹಾಕುತ್ತಿರುವುದು ನಾಲ್ಕನೇ ಸಲ.

ಗಾಳಿಪಟ
ಟ್ರೈಪಾಡ್ ಇದ್ದರೂ ಹೂ ಅಲ್ಲಾಡಿದರೆ ಏನು ಪ್ರಯೋಜನ? ಐಎಸ್ ಆನ್ ಮಾಡಿದರೂ ಅಷ್ಟೇ, ಅದು ನಮ್ಮ ಕೈ ನಡುಕಕ್ಕೆ ಇರುವುದು, ಹೂವಿನ ನಡುಕಕ್ಕಲ್ಲ. ಗಾಳಿಯೇ.

ಕೋಟೆಕಲ್ಲು
ಹೈದ ಅವರೇ, ಒಂದು ಕೆಲಸ ಮಾಡಿ. ಅದೇ ಜಾಗದಲ್ಲಿ ಒಂದು ಕಲ್ಲಿನ ಫೋಟೋ ತೆಗೆಯಿರಿ. ಹೂ ತೆಗೆದ ಹಾಗೆಯೇ, ಏನೂ ಬದಲಾಯಿಸದೆ. ಕಲ್ಲು ಗಾಳಿಗೆ ಅಲ್ಲಾಡಲ್ಲ ಅಲ್ವಾ.

ದುರ್ಗದ ಹೈದ
ಜೋಗಿಮಟ್ಟಿಗೆ ಮತ್ತೆ ಹೋಗಲು ಆಗಲಿಲ್ಲ, ಚಂದ್ರವಳ್ಳಿ ಕೆರೆ ಬದಿ ಹೋಗಿದ್ದೆ. ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಂಡೆ ಮೇಲಿನ ಪಾಚಿ ತೆಗೆದೆ. ಅದೂ ಮಂಜು. ಲೆನ್ಸೇ ಹೋಗಿದೆ ಅನ್ನಿಸುತ್ತಿದೆ. ಇಲ್ಲಿನ ಒಂದು ಅಂಗಡಿಯಲ್ಲಿ ತೋರಿಸಿದರೆ ಒಳಗೆ ಫಂಗಸ್ ಇದೆ, ಬಿಚ್ಚಿ ಕ್ಲೀನ್ ಮಾಡಬೇಕು ಅಂದರು.

ಗಾಳಿಪಟ
ನಿಮ್ಮ ಕೈ ನಡುಗಿರಬೇಕು. ಬೆಳಗ್ಗೆ ತಿಂಡಿ ತಿಂದು ಹೋಗಿ.

ಕೋಟೆಕಲ್ಲು
ಫಂಗಸ್ ಇದ್ದರೆ ದಾಸವಾಳವೂ ಕೆಡಬೇಕಿತ್ತು. ಲೆನ್ಸ್ ಬಿಚ್ಚಿಸಬೇಡಿ, ಸ್ವಲ್ಪ ತಾಳಿ. ನೀವು ಮೊದಲು ಹಾಕಿದ ಫೋಟೋ ಮತ್ತೆ ನೋಡಿದೆ. ವಿಷ್ಣುಕ್ರಾಂತಿ ಹೂ ಅಗಲ ಅಂದರೆ ಸುಮಾರು 8 ಮಿಮೀ, ಅಂಗಿಯ ಗುಂಡಿಗಿಂತ ಚಿಕ್ಕದು. ನಿಮ್ಮ ಫೋಟೋದಲ್ಲಿ ಅದು ಅರ್ಧಕ್ಕೆ ಹತ್ತಿರ ಅಗಲ ತುಂಬಿದೆ. ಕ್ರಾಪ್ ಮಾಡಿದ್ದೀರಾ? 18-55 ಲೆನ್ಸ್ ಎಷ್ಟೇ ಹತ್ತಿರ ಹೋದರೂ ಸುಮಾರು ಆರೂವರೆ ಸೆಂಟಿಮೀಟರ್ ಅಗಲದ ಜಾಗ ಬಂದೇ ಬರುತ್ತದೆ, ಅದರಲ್ಲಿ ಈ ಹೂ ಎಂಟರಲ್ಲಿ ಒಂದು ಪಾಲು. ಮತ್ತೆ ಎಲೆಯ ಮೇಲೆ ಒಂದು ದುಂಡನೆಯ ನೆರಳು ಬಿದ್ದಿದೆ. ಅದು ನಿಮ್ಮ ಲೆನ್ಸಿನದೇ. ಲೆನ್ಸ್ ಮುಂದೆ ಏನು ಹಾಕಿದ್ದೀರಿ?

ದುರ್ಗದ ಹೈದ
ಕ್ರಾಪ್ ಮಾಡಿಲ್ಲ. ಮುಂದೆ ಕ್ಲೋಸಪ್ ಫಿಲ್ಟರ್ ಇದೆಯಲ್ಲ, ಲೆನ್ಸ್ ಮುಂದೆ ತಿರುಗಿಸಿ ಹಾಕುವ ಭೂತಗನ್ನಡಿ ಥರದ್ದು, +1 +2 +4 +10 ಸೆಟ್ಟು, ಆನ್‌ಲೈನಲ್ಲಿ ತರಿಸಿದ್ದು. ಅದು ಎಲ್ಲರೂ ಹಾಕುತ್ತಾರೆ ಅಂದುಕೊಂಡು ಹೇಳಲಿಲ್ಲ. ದಾಸವಾಳ ದೊಡ್ಡದು, ಅದಕ್ಕೆ ಹಾಕಲ್ಲ.

ಕೋಟೆಕಲ್ಲು
ಎಷ್ಟು ಹಾಕಿದ್ದೀರಿ? ಒಂದೇ?

ದುರ್ಗದ ಹೈದ
ನಾಲ್ಕೂ.

ಕೊಂಡಜ್ಜಿ ಕ್ಲಿಕ್ಸ್
ಅಯ್ಯೋ ದೇವರೇ.

ಕೋಟೆಕಲ್ಲು
ಸಿಕ್ಕಿತು ಬಿಡಿ. ನಾಲ್ಕೂ ಸೇರಿದರೆ +17. 100 ಸೆಂಟಿಮೀಟರನ್ನು 17ರಿಂದ ಭಾಗಿಸಿ, 6 ಸೆಂಮೀ ಕೂಡ ಬರಲ್ಲ. ಅದಕ್ಕಿಂತ ದೂರದಲ್ಲಿರುವುದು ಏನೂ ಫೋಕಸ್ ಆಗಲ್ಲ. ಇಷ್ಟು ಹತ್ತಿರದಲ್ಲಿ ಲೆನ್ಸಿನ ಕಿಂಡಿ ಅಗಲವಾಗಿ ಎಫ್ 5.6 ಇಟ್ಟರೆ ಶಾರ್ಪ್ ಇರುವ ಆಳ ಅರ್ಧ ಮಿಮೀ ಕೂಡ ಇರಲ್ಲ. ಬೀಪ್ ಆದಾಗ ಫೋಕಸ್ ಸರಿಯಾಗಿಯೇ ಇರುತ್ತದೆ, ನೀವು ಬಟನ್ ಒತ್ತುವಷ್ಟರಲ್ಲಿ ಮೈ ಒಂದು ಮಿಮೀ ಹಿಂದೆ ಮುಂದೆ ಆಗಿರುತ್ತದೆ. ಉಸಿರು ಬಿಟ್ಟರೂ ಸಾಕು. ಕಲ್ಲಾದರೂ ಅಷ್ಟೇ, ಹೂವಾದರೂ ಅಷ್ಟೇ. ಅದಲ್ಲದೆ ಅಗ್ಗದ ಗಾಜು ನಾಲ್ಕು ಪದರ, ಆ ಮಂಜು ಅದರದ್ದು.

+4 ಒಂದನ್ನೇ ಇಟ್ಟುಕೊಳ್ಳಿ. 55 ಮಿಮೀಗೆ ಜೂಮ್ ಮಾಡಿ, ಕಿಂಡಿ ಚಿಕ್ಕದು ಮಾಡಿ ಎಫ್ 11. 22ರವರೆಗೆ ಹೋಗಬೇಡಿ, ಮತ್ತೆ ಮೆತ್ತಗಾಗುತ್ತದೆ. ಆಟೋಫೋಕಸ್ ಆಫ್ ಮಾಡಿ, ರಿಂಗನ್ನು ಹತ್ತಿರದ ತುದಿಗೆ ತಿರುಗಿಸಿ ಬಿಟ್ಟುಬಿಡಿ. ಆಮೇಲೆ ಹೊಟ್ಟೆ ಮೇಲೆ ಮಲಗಿ, ಎರಡೂ ಮೊಣಕೈ ನೆಲಕ್ಕೆ ಊರಿ, ಹೂವಿನ ಕಡೆ ಇಷ್ಟಿಷ್ಟೇ ಸರಿಯಿರಿ. ಬಿಳಿ ಕೇಸರ ಗೆರೆ ಗೆರೆಯಾಗಿ ಕಂಡ ಕೂಡಲೇ ಐದಾರು ಫೋಟೋ ಒಟ್ಟಿಗೆ. ಆಳ ಈಗ ಎರಡೂವರೆ ಮಿಮೀ ಹತ್ತಿರ ಸಿಗುತ್ತದೆ. ಹೂ ಚಪ್ಪಟೆಯಾಗಿದೆ, ಕ್ಯಾಮೆರಾ ಅದಕ್ಕೆ ನೇರ ಎದುರಾಗಿದ್ದರೆ ಎಸಳೆಲ್ಲಾ ಬರುತ್ತದೆ. ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ.

ಮ್ಯಾಕ್ರೋ ಮಾವ
ನಾನು ಹೇಳಿದ್ದೂ ಅದೇ. ಕಿಟ್ ಲೆನ್ಸಿನಲ್ಲಿ ಆಗಲ್ಲ.

ತುಂಬೆ ಹೂ
ಆಗುತ್ತೆ ಅಂತ ಅವರು ಇಷ್ಟುದ್ದ ಬರೆದಿದ್ದಾರೆ ಮಾವ, ಓದಿ.

ದುರ್ಗದ ಹೈದ
ಇವತ್ತು ಹೋಗಿದ್ದೆ. ಅರವತ್ತರಲ್ಲಿ ಏಳು ಸಿಕ್ಕಿವೆ! ಒಂದರಲ್ಲಿ ಎಲೆಯ ರೋಮ ಕೂಡ ಕಾಣುತ್ತದೆ, ಅದರ ಮೇಲೆ ಇಬ್ಬನಿ ಸಿಕ್ಕಿಕೊಂಡಿದೆ. ಅಂಗಿ ಮಾತ್ರ ಹೋಯಿತು. ಆದರೆ ನೀಲಿ ಯಾಕೋ ನೇರಳೆ ಥರ ಬರುತ್ತಿದೆ, ಕಣ್ಣಿಗೆ ಕಂಡ ನೀಲಿ ಅಲ್ಲ.

ಕೋಟೆಕಲ್ಲು
ವೈಟ್ ಬ್ಯಾಲೆನ್ಸ್ ಆಟೋ ಇದ್ದರೆ ಬಿಸಿಲಿನ ಗುರುತಿಗೆ ಇಟ್ಟು ನೋಡಿ. ರಾ ಫೈಲ್ ತೆಗೆದಿದ್ದರೆ ಮನೆಯಲ್ಲೂ ಸರಿ ಮಾಡಬಹುದು.

ಗಾಳಿಪಟ
ಉಳಿದ ಐವತ್ತಮೂರು ಯಾಕೆ ಹೋದವು? ಗಾಳಿ.

ಕೊಂಡಜ್ಜಿ ಕ್ಲಿಕ್ಸ್
ಹೈದ ಅವರೇ, ಮಿಕ್ಕ ಮೂರು ಫಿಲ್ಟರ್ ಸುಮ್ನೆ ಬಿದ್ದಿರುತ್ತವಲ್ಲ, +2 ನನಗೆ ಕೊಡುತ್ತೀರಾ? 58 ಮಿಮೀ ತಾನೇ? ದಾವಣಗೆರೆಗೆ ಬಂದರೆ ಬೆಣ್ಣೆ ದೋಸೆ ನನ್ನದು.