ಸಹಾಯ ಬೇಕು: ಮಲಗಿದ ಗಂಡು ಜಿಂಕೆ ಸಂಜೆ ಯಾವ ಕಡೆ ಹೊರಡುತ್ತೆ?

ನಮಸ್ಕಾರ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೇನೆ. ಲೈಸೆನ್ಸ್ ತಗೊಂಡು ಬಿಲ್ಲಿನಲ್ಲಿ ವೈಟ್‌ಟೇಲ್ (ಬಿಳಿ ಬಾಲದ) ಜಿಂಕೆ ಬೇಟೆಗೆ ಹೋಗ್ತಿರೋದು ಇದು ಎರಡನೇ ವರ್ಷ. ಊರಲ್ಲಿ 1972ರಿಂದ ವನ್ಯಜೀವಿ ಕಾಯ್ದೆ ಇರೋದರಿಂದ ಮನೆಯ ಹಿರಿಯರನ್ನು ಕೇಳೋ ಹಾಗಿಲ್ಲ. ಇಲ್ಲಿ ಅನುಭವ ಇರುವ ಕನ್ನಡಿಗರು ಇದ್ದರೆ ದಯವಿಟ್ಟು ಹೇಳಿ.

ರಾಜ್ಯದ ನೈಋತ್ಯದ ಗುಡ್ಡಗಾಡು. ನೆತ್ತಿಯಿಂದ ಸ್ವಲ್ಪ ಕೆಳಗೆ, ಗಾಳಿಮರೆಯ ಇಳಿಜಾರಲ್ಲಿ ಒಂದು ಗಂಡು ಜಿಂಕೆ ಮಲಗೋ ಜಾಗ ಸಿಕ್ಕಿದೆ. ಒತ್ತಿಹೋದ ತರಗೆಲೆ, ಪಕ್ಕದಲ್ಲೇ ಕೊಂಬು ಉಜ್ಜಿದ ಮರ. ಬೆನ್ನ ಹಿಂದಿನ ಅಪಾಯದ ವಾಸನೆ ಗಾಳಿ ತರುತ್ತೆ, ಮುಂದೆ ಕಣಿವೆ ಪೂರ್ತಿ ಕಣ್ಣಿಗೆ ಕಾಣುತ್ತೆ, ಬಿಸಿಲೇರಿದರೆ ಕೆಳಗಿನ ವಾಸನೆಯೂ ಮೇಲೇರಿ ಮೂಗಿಗೆ ಬರುತ್ತೆ. ಎಂಥಾ ಜಾಗ ಆರಿಸಿದೆ ಅಂತ ಬೆರಗಾಗಿ ನಿಂತುಬಿಟ್ಟೆ.

ತೊಂದರೆ ಸಂಜೆಯದು. ಕೆಳಗೆ ಮೆಕ್ಕೆಜೋಳದ ಹೊಲ, ಪಕ್ಕಕ್ಕೆ ಕಾಯಿ ಉದುರುತ್ತಿರೋ ಓಕ್ ಮರಗಳು. ಕಳೆದ ವಾರ ಹೊಲದಂಚಲ್ಲಿ ಕೂತೆ. ಅದು ಬಂದಿದ್ದು ಪೂರ್ತಿ ಕತ್ತಲಾದ ಮೇಲೆ, ಕ್ಯಾಮೆರಾದಲ್ಲಿ ಮಾತ್ರ ಕಂಡಿತು. ನಿನ್ನೆ ನೆತ್ತಿಯ ಮೇಲೆ ಮರ ಹತ್ತಿ ಕೂತೆ. ಹೊತ್ತಿಳಿದಂತೆ ತಂಪುಗಾಳಿ ಕೆಳಕ್ಕೆ ಜಾರಿ ನನ್ನ ವಾಸನೆ ಅದಕ್ಕೆ ಮುಟ್ಟಿಸಿತು. ಬುಸ್ ಅಂತ ಉಸಿರು ಬಿಟ್ಟು, ಬಿಳಿ ಬಾಲ ಎತ್ತಿ ಓಡಿತು.

ಎದ್ದ ಮೇಲೆ ಅದು ಗಾಳಿಗೆ ಎದುರಾಗಿ ನಡೆಯುತ್ತಾ, ಇಳಿಜಾರಿನ ಅಡ್ಡಕ್ಕೆ ಓಕ್ ಕಡೆ ಹೋಗುತ್ತಾ? ಹೀಗೆ ಬೆದರಿದ ಜಿಂಕೆ ಅದೇ ಜಾಗಕ್ಕೆ ಮರಳುತ್ತಾ, ಎಷ್ಟು ದಿನ ಬಿಡಬೇಕು? ನವೆಂಬರ್ ಮೊದಲ ವಾರಗಳಲ್ಲಿ ಹೆಣ್ಣುಗಳ ಹಿಂದೆ ಸುತ್ತೋಕೆ ಶುರುವಾದರೆ ಈ ಲೆಕ್ಕವೆಲ್ಲ ಬದಲಾಗುತ್ತೆ, ಅದಕ್ಕೇ ಅವಸರ. ನೀವಾಗಿದ್ದರೆ ಎಲ್ಲಿ ಕೂರ್ತಿದ್ರಿ?